ಇಡೀ ತಂಡಕ್ಕೆ ಲ್ಯಾಮಿನೇಷನ್

ನನಗೆ ಬಾರದ ಕೆಲಸ ಬಹಳ ಇದೆ. ಆದರೆ ಒಂದು ವಸ್ತು ಕೊಟ್ಟು ಇನ್ನೊಂದು ವಸ್ತು ತರುವುದು ನನಗೆ ಬರುವುದಿಲ್ಲ ಎಂದು ಹೋದ ತಿಂಗಳವರೆಗೆ ಯಾರೂ ಹೇಳಿರಲಿಲ್ಲ. ಹಳೇ ಸೀರೆ ಕೊಟ್ಟು ಸ್ಟೀಲ್ ಪಾತ್ರೆ ತೆಗೆದುಕೊಳ್ಳುವುದರಲ್ಲಿ ನಮ್ಮ ಬೋಗಾದಿಯ ಬೀದಿಯಲ್ಲಿ ನನ್ನನ್ನು ಮೀರಿಸಿದವರಿಲ್ಲ. ಪಾತ್ರೆಯವನು ನಮ್ಮ ಮನೆ ಹತ್ತಿರ ಬಂದಾಗ ಕೂಗುವುದನ್ನು ನಿಲ್ಲಿಸಿ, ತಲೆ ತಗ್ಗಿಸಿಕೊಂಡು ದಾಟಿ ಹೋಗುತ್ತಾನೆ. ಅಂಥವಳಿಗೆ ಒಂದು ಕಾರ್ಡು ಕೊಟ್ಟು ಒಂದು ಕಾರ್ಡು ತರುವುದು ಯಾವ ಮಹಾ ಕೆಲಸ!

ಕಾರ್ಡು ಎಂದರೆ ರೇಷನ್ ಕಾರ್ಡಲ್ಲ, ಕ್ರಿಕೆಟ್ ಕಾರ್ಡು. ಹಿಂದೆ ಅಂಗಡಿಯಲ್ಲಿ ಬಬಲ್ ಗಮ್ ಕೊಂಡರೆ ಅದರ ಜೊತೆ ಅಂಗೈಯಲ್ಲಿ ಮುಚ್ಚಿಕೊಳ್ಳುವಷ್ಟು ಒಂದು ತೆಳ್ಳನೆ ರಟ್ಟು ಬರುತ್ತಿತ್ತು. ಮುಂದೆ ಆಟಗಾರನ ಚಿತ್ರ, ಹಿಂದೆ ಅವನು ಹೊಡೆದ ರನ್ನು. ನಮ್ಮ ಯಜಮಾನರು ಶಿವಣ್ಣ ಆಗ ಮೇಟಗಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಫಿಟ್ಟರ್. ದಿನಾ ಕೆಲಸ ಬಿಟ್ಟು ಬರುವಾಗ ಬಬಲ್ ಗಮ್ ಕೊಳ್ಳುತ್ತಿದ್ದರು. ಗಮ್ ಸಿಕ್ಕಿದವರ ಬಾಯಿಗೆ, ಕಾರ್ಡು ಇವರ ಜೇಬಿಗೆ. ಜೊತೆಯವರಿಗೆಲ್ಲ ಹಲ್ಲು ಹಾಳಾಯಿತು, ಇವರ ಆಲ್ಬಮ್ಮು ತುಂಬುತ್ತಾ ಬಂತು.

ಆ ಆಲ್ಬಮ್ಮನ್ನು ಇವರು ಮುಟ್ಟುವ ವೈಭವ ನೋಡಬೇಕು. ಮೊದಲು ಕೈ ತೊಳೆಯುತ್ತಾರೆ. ಒರೆಸಿಕೊಳ್ಳುತ್ತಾರೆ. ಒರೆಸಿದ್ದು ಸಾಲದು ಎಂದು ಫ್ಯಾನಿನ ಕೆಳಗೆ ನಿಂತು ಆರಿಸಿಕೊಳ್ಳುತ್ತಾರೆ. ಆಮೇಲೆ ಎರಡು ಬೆರಳಿನಿಂದ ಅಂಚು ಹಿಡಿದು ಕಾರ್ಡನ್ನು ಎತ್ತುತ್ತಾರೆ. ನನಗೆ ತಾಳಿ ಕಟ್ಟುವಾಗ ಇಷ್ಟು ನಾಜೂಕು ತೋರಿಸಿರಲಿಲ್ಲ.

ಇಂಥ ಹುಚ್ಚಿನವರು ಊರಿನಲ್ಲಿ ಇನ್ನೂ ಇದ್ದಾರೆ. ಯಾದವಗಿರಿಯಲ್ಲಿ ಶೇಷಗಿರಿ ಮೇಷ್ಟ್ರು ಎಂದು, ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ಅವರ ಮನೆಯಲ್ಲಿ ಭಾನುವಾರ ಬೆಳಿಗ್ಗೆ ಎಲ್ಲರೂ ಸೇರುತ್ತಾರೆ. ಮೊಬೈಲ್ ಅಂಗಡಿಯ ನಾಸಿರ್ ಬರುತ್ತಾನೆ, ಇನ್ನೂ ಯಾರಾದರೂ ಇಬ್ಬರು ಮೂವರು ಬರುತ್ತಾರೆ. ಅಲ್ಲಿ ದುಡ್ಡಿನ ಮಾತಿಲ್ಲ. ಕಾರ್ಡಿಗೆ ಕಾರ್ಡು, ಅಷ್ಟೇ. ಇವರ ಹತ್ತಿರ ಎರಡೆರಡು ಇದ್ದದ್ದು ಅವರಿಗೆ, ಅವರ ಹತ್ತಿರ ಎರಡೆರಡು ಇದ್ದದ್ದು ಇವರಿಗೆ. ಹೀಗೆ ಬದಲಾಯಿಸಿಕೊಂಡು ಬದಲಾಯಿಸಿಕೊಂಡು ಪೂರ್ತಿ ಸೆಟ್ಟು ಮಾಡುವುದೇ ಇವರ ಪರಮಾರ್ಥ.

ನಮ್ಮ ಯಜಮಾನರ ಸೆಟ್ಟಿನಲ್ಲಿ ಒಂದೇ ಒಂದು ಜಾಗ ಖಾಲಿ ಇತ್ತು. ಅದು ಹನ್ನೆರಡನೆಯ ಆಟಗಾರನದು. ಆಡುವವನಲ್ಲ, ಆಡುವವರಿಗೆ ನೀರು ಹೊತ್ತುಕೊಂಡು ಹೋಗುವವನು. ಆ ಕಾಲದ ಹುಡುಗರಿಗೆ ಇವನ ಕಾರ್ಡು ಸಿಕ್ಕರೆ "ಥತ್, ನೀರಿನೋನು!" ಎಂದು ಚರಂಡಿಗೆ ಎಸೆಯುತ್ತಿದ್ದರಂತೆ. ಎಲ್ಲರೂ ಎಸೆದದ್ದರಿಂದ ಈಗ ಎಲ್ಲರಿಗೂ ಅವನೇ ಬೇಕು!

ಆ ನೀರಿನವನು ಮೇಷ್ಟ್ರ ಹತ್ತಿರ ಎರಡು ಇದ್ದ. ಮೇಷ್ಟ್ರ ಸೆಟ್ಟಿಗೆ ವಿಕೆಟ್ ಕೀಪರ್ ಇರಲಿಲ್ಲ. ನಮ್ಮವರ ಹತ್ತಿರ ಕೀಪರ್ ಎರಡು ಇದ್ದ. ಹೆಣ್ಣು ಗಂಡಿನ ಜಾತಕ ಕೂಡಿದ ಹಾಗೆ ಕೂಡಿಬಂತು. ಬರುವ ಭಾನುವಾರ ಬದಲಾಯಿಸಿಕೊಂಡು ಇಬ್ಬರೂ ಒಂದೇ ದಿನ ಸೆಟ್ಟು ಪೂರ್ತಿ ಮಾಡುವುದೆಂದು ಮಾತಾಯಿತು.

ಅಷ್ಟರಲ್ಲಿ ಶುಕ್ರವಾರ ಇವರ ಕಣ್ಣಿನ ಪೊರೆ ತೆಗೆಸಲು ಆಸ್ಪತ್ರೆಯವರು ಕರೆದುಬಿಟ್ಟರು. ಕಣ್ಣಿಗೆ ಪಟ್ಟಿ ಕಟ್ಟಿ ಕಳಿಸಿದರು. ಇನ್ನೊಂದು ಕಣ್ಣು ಮೊದಲೇ ಅಷ್ಟಕ್ಕಷ್ಟೆ. ಧೂಳಿಗೆ ಹೋಗಬಾರದು, ಬಗ್ಗಬಾರದು, ಭಾರ ಎತ್ತಬಾರದು.

"ಮುಂದಿನ ಭಾನ್ವಾರ ಓದ್ರಾಯ್ತು ಬುಡ್ರಿ," ಅಂದೆ.

"ಅಷ್ಟೊತ್ತಿಗೆ ಆ ನಾಸಿರ್ ಎಲ್ಲಿಂದಾದ್ರೂ ಒಬ್ಬ ಕೀಪರ್‌ನ ಇಡ್ಕೊಂಬಂದು ನೀರಿನೋನ್ನ ಎತ್ತಾಕೊಂಡೋಗ್ತಾನೆ ಕಣೇ. ಸೆಟ್ಟು ಪೂರ್ತಿ ಆಗೋದ್ನ ಕಣ್ತುಂಬ ನೋಡ್ಬೇಕು ಅಂತಾನೇ ಈ ಕಣ್ಣು ಕುಯ್ಯುಸ್ಕೊಂಡಿದ್ದು ನಾನು."

"ಅಂಗಾದ್ರೆ ನಾನೋಗಿ ತರ್ತೀನಿ."

ಯಜಮಾನರು ನನ್ನ ದನಿ ಬಂದ ಕಡೆ ತಿರುಗಿದರು. ಕಣ್ಣಿಗೆ ಪಟ್ಟಿ ಇದ್ದದ್ದರಿಂದ ಮುಖದಲ್ಲಿ ಏನಿದೆ ಎಂದು ತಿಳಿಯಲಿಲ್ಲ. ಈಗ ಯೋಚಿಸಿದರೆ ಅದು ಭಯ ಇರಬೇಕು. ಕೊನೆಗೆ ಅಂದರು: "ಉಷಾರು ಕಣೇ. ಆ ಕಾರ್ಡಿಗೆ ಏನೂ ಆಗ್ಬಾರ್ದು."

ಏನೂ ಆಗಬಾರದು. ಸರಿ. ಒಂದು ಕಾಗದಕ್ಕೆ ಏನೂ ಆಗಬಾರದು ಎಂದರೆ ಏನು ಮಾಡಬೇಕು? ನಮ್ಮ ಮನೆಯಲ್ಲಿ ಬೆಲೆಯಿರುವ ಕಾಗದಕ್ಕೆಲ್ಲ ಒಂದೇ ಸಂಸ್ಕಾರ. ಆಧಾರ್ ಕಾರ್ಡಿಗೆ ಆಗಿದೆ, ವೋಟಿನ ಕಾರ್ಡಿಗೆ ಆಗಿದೆ, ಗ್ಯಾಸಿನ ಕಾಗದಕ್ಕೆ ಆಗಿದೆ, ನಮ್ಮ ಮಾವನವರ ಇದ್ದ ಒಂದೇ ಫೋಟೋಕ್ಕೂ ಆಗಿದೆ. ಶನಿವಾರ ಬೆಳಿಗ್ಗೆ ಯಜಮಾನರ ಕಣ್ಣಿಗೆ ಡ್ರಾಪ್ಸ್ ಹಾಕಿ ಮಲಗಿಸಿ, ಕೀಪರನನ್ನು ಸೆರಗಿನಲ್ಲಿ ಸುತ್ತಿಕೊಂಡು, ನಮ್ಮ ಬೀದಿಯ ಕೊನೆಯ ಜೆರಾಕ್ಸ್ ಅಂಗಡಿಗೆ ಹೋದೆ.

"ಲೋಕೇಶಾ, ಇದಕ್ಕೊಂದು ಲ್ಯಾಮಿನೇಷನ್ ಮಾಡು. ಗಟ್ಟಿಯಾಗಿ ಮಾಡು."

ಲೋಕೇಶ ಕಾರ್ಡನ್ನು ತಿರುಗಿಸಿ ನೋಡಿದ. "ಏನಜ್ಜಿ ಇದು, ಬಬಲ್ ಗಮ್ ಕಾರ್ಡು! ನಾವು ಸ್ಕೂಲಲ್ಲಿ ಇದಕ್ಕೆ ಕಿತ್ತಾಡ್ತಿದ್ವಿ."

"ಈಗ ದೊಡ್ಡೋರು ಕಿತ್ತಾಡ್ತಾವ್ರೆ. ನೀನು ಮಾಡು."

ಮೆಷಿನ್ನಿನ ಈ ಕಡೆ ಹಾಕಿದ, ಆ ಕಡೆ ಬಿಸಿಬಿಸಿಯಾಗಿ ಬಂತು, ಹೆಂಚಿನಿಂದ ದೋಸೆ ಎದ್ದು ಬಂದ ಹಾಗೆ. ಫಳಫಳ ಹೊಳೆಯುತ್ತಿತ್ತು. ಇಷ್ಟು ವರ್ಷದಲ್ಲಿ ಆ ಕೀಪರನ ಮುಖದಲ್ಲಿ ಅಂಥ ಕಳೆ ನಾನು ನೋಡಿರಲಿಲ್ಲ.

"ಸುತ್ತ ಪ್ಲಾಸ್ಟಿಕ್ ಜಾಸ್ತಿ ಬುಟ್ಟಿದ್ದೀಯ. ಅಂಚಿಗೆ ಕತ್ತರಿಸು. ಆಲ್ಬಮ್ಮಿನ ಜೇಬಿಗೆ ಇಳೀಬೇಕು."

"ಸ್ವಲ್ಪ ಬಿಡ್ಬೇಕು ಅಜ್ಜಿ. ಇಲ್ದಿದ್ರೆ ಅಂಟು ಬಿಡುತ್ತೆ."

"ನಂಗೆ ಏಳ್ಕೊಡಬೇಡ. ಕತ್ತರಿಸು."

ಕತ್ತರಿಸಿದ. "ಮೂಲೆ ಚೂಪಾಗಿದೆ, ಚುಚ್ಚುತ್ತೆ. ದುಂಡಗೆ ಮಾಡ್ಲಾ? ಅದಕ್ಕೂ ಮೆಷಿನ್ ಇದೆ."

ದುಂಡನೆಯ ಮೂಲೆ! ಬ್ಯಾಂಕಿನ ಕಾರ್ಡಿನ ಹಾಗೆ! "ಮಾಡು ಮಾಡು," ಅಂದೆ. ಟಕ್, ಟಕ್, ಟಕ್, ಟಕ್. ನಾಲ್ಕು ಮೂಲೆಯೂ ನೆಲಕ್ಕೆ ಬಿದ್ದವು. ಈಗಲೂ ಆ ಸದ್ದು ನನ್ನ ಕಿವಿಯಲ್ಲಿದೆ.

ಇಲ್ಲಿಗೆ ನಿಂತಿದ್ದರೆ ಒಂದು ಕಾರ್ಡಿನ ಪಾಪವಾಗುತ್ತಿತ್ತು. ಆದರೆ ಲೋಕೇಶ ಒಳ್ಳೆಯವನು. "ಇನ್ನೂ ಇದ್ರೆ ತನ್ನಿ ಅಜ್ಜಿ," ಅಂದ. "ಒಟ್ಟಿಗೆ ಮಾಡುಸುದ್ರೆ ಕಮ್ಮಿ ಮಾಡ್ಕೊಡ್ತೀನಿ."

ಕಮ್ಮಿ ಎನ್ನುವ ಮಾತು ನನ್ನ ಕಿವಿಗೆ ಬಿದ್ದ ಮೇಲೆ ನನ್ನನ್ನು ಯಾರೂ ಹಿಡಿಯಲಾರರು. ಸೀದಾ ಮನೆಗೆ ಬಂದೆ. ಬೀರು ತೆಗೆದೆ. ಆಲ್ಬಮ್ಮು ಕಂಕುಳಲ್ಲಿ ಇಟ್ಟುಕೊಂಡೆ.

ಬಾಗಿಲಲ್ಲಿ ಸೊಸೆ ಸುಮಾ ಅಡ್ಡ ನಿಂತಳು. "ಅತ್ತೆ, ಮಾವನ ಆಲ್ಬಮ್ ಎಲ್ಲಿಗೆ?"

"ಲ್ಯಾಮಿನೇಷನ್‌ಗೆ."

"ಮಾವನ್ನ ಕೇಳಿದ್ರಾ?"

"ಕಣ್ಣು ಕಟ್ಕೊಂಡು ಮಲಗಿರೋರ್ನ ಎಬ್ಬುಸಿ ಕೇಳೋದೇನು? ಪಟ್ಟಿ ಬಿಚ್ಚಿದ ದಿನ ನೋಡ್ಲಿ, ಸಂತೋಷ ಪಡ್ಲಿ."

"ನಂಗ್ಯಾಕೋ ಸರಿ ಕಾಣ್ತಿಲ್ಲ ಅತ್ತೆ."

"ನಿಂಗೆ ನಾನು ಮಾಡೋ ಉಪ್ಸಾರೂ ಸರಿ ಕಾಣಲ್ಲ," ಎಂದು ಹೇಳಿ ಹೊರಟೆ.

ಆ ಶನಿವಾರ ಲೋಕೇಶನ ಅಂಗಡಿಯಲ್ಲಿ ಓದುವ ಹುಡುಗರು ಅಸೈನ್‌ಮೆಂಟು ಹಿಡಿದು ರಸ್ತೆವರೆಗೂ ನಿಂತಿದ್ದರು. ನಾನು ಸ್ಟೂಲಿನ ಮೇಲೆ ಕೂತು ಇಡೀ ಕ್ರಿಕೆಟ್ ತಂಡವನ್ನು ಒಬ್ಬೊಬ್ಬರಾಗಿ ಬಿಸಿ ಮೆಷಿನ್ನಿಗೆ ಕಳಿಸುತ್ತಿದ್ದೆ. ಬ್ಯಾಟು ಮಾಡುವವರು ಹೋದರು, ಚೆಂಡು ಹಾಕುವವರು ಹೋದರು, ಮೀಸೆಯವರು, ಟೋಪಿಯವರು, ಪರದೇಶದವರು, ಎಲ್ಲರೂ ಹೋದರು. ಮನೆಯಲ್ಲಿ ಉಳಿಯಬೇಕಾದ ಇನ್ನೊಬ್ಬ ಕೀಪರನೂ ಹೋದ. ಎಲ್ಲರ ಮೂಲೆಯೂ ದುಂಡಗಾಯಿತು. ಯಾರಿಗೂ ಭೇದಭಾವ ಮಾಡಲಿಲ್ಲ.

ಮನೆಗೆ ಬಂದು ಆಲ್ಬಮ್ಮಿನ ಜೇಬಿಗೆ ಹಾಕಲು ಹೋದರೆ ದಪ್ಪವಾಗಿದ್ದವು, ಇಳಿಯಲಿಲ್ಲ. ಒತ್ತಿದೆ. ಜೇಬು ಹರಿಯಿತು. ಇನ್ನೊಂದಕ್ಕೆ ಒತ್ತಿದೆ. ಅದೂ ಹರಿಯಿತು. ಹಾಳಾಗಲಿ ಎಂದು ಎಲ್ಲವನ್ನೂ ಚಕ್ಕುಲಿ ಡಬ್ಬಿಗೆ ಸುರಿದು ಮುಚ್ಚಳ ಹಾಕಿದೆ. ಸುರಿದಾಗ ಬಳೆಯ ಸದ್ದಿನ ಹಾಗೆ ಗಲಗಲ ಅಂತು.

ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಇಟ್ಟು, ಮಗನ ಮದುವೆಗೆ ತೆಗೆದ ಸೀರೆ ಉಟ್ಟು, ನಮ್ಮ ಮನೆಯ ಅಧಿಕೃತ ಪ್ರತಿನಿಧಿಯಾಗಿ ಆಟೋ ಹತ್ತಿದೆ. ಪರ್ಸಿನಲ್ಲಿ ಒಬ್ಬನೇ ಕೀಪರ್, ಕಾಗದದಲ್ಲಿ ಸುತ್ತಿ ಇಟ್ಟಿದ್ದೆ.

ಮೇಷ್ಟ್ರ ಮನೆ ಯಾದವಗಿರಿಯ ಹಳೇ ಬಂಗಲೆ. ಒಳಗೆ ಉದ್ದ ಮೇಜು, ಮೇಲೆ ಬಿಳಿ ಬಟ್ಟೆ. ಮೇಷ್ಟ್ರು ಭೂತಗನ್ನಡಿ ಇಟ್ಟುಕೊಂಡು ಕೂತಿದ್ದರು. ಪಕ್ಕದಲ್ಲಿ ನಾಸಿರ್. ಮೇಷ್ಟ್ರ ಹೆಂಡತಿ ವಸಂತಮ್ಮ ಬಂದು ನೀರು ಕೊಟ್ಟು, ಕಾಫಿ ತರುತ್ತೇನೆಂದು ಒಳಗೆ ಹೋದರು.

"ಬನ್ನಿ ಗೌರಮ್ಮನೋರೆ, ಬನ್ನಿ!" ಮೇಷ್ಟ್ರ ಮುಖ ಅರಳಿತ್ತು. "ರಾತ್ರಿಯೆಲ್ಲ ನಿದ್ದೆ ಇಲ್ಲ ನೋಡಿ. ನಿಮ್ಮ ಯಜಮಾನರು ಇಟ್ಟಿರೋ ಹಾಗೆ ಕಾರ್ಡನ್ನ ಯಾರೂ ಇಟ್ಟಿಲ್ಲ. ಆ ಕೀಪರ್ ಬಂದರೆ ನನ್ನ ಸೆಟ್ಟೂ ಮುಗೀತು."

"ಮುಗೀತು ಅಂತಾನೇ ಅಂದ್ಕೊಳಿ ಮೇಷ್ಟ್ರೇ," ಎಂದು ಕಾಗದ ಬಿಚ್ಚಿ ಮೇಜಿನ ಮೇಲೆ ಇಟ್ಟೆ. ಟಪ್ ಅಂತು.

ಮೇಷ್ಟ್ರು ಆ ಸದ್ದಿಗೇ ಬೆಚ್ಚಿದರು. ಭೂತಗನ್ನಡಿ ಹಿಡಿದು ನೋಡಿದರು. ಕನ್ನಡಕ ತೆಗೆದು ನೋಡಿದರು. ಕನ್ನಡಕ ಹಾಕಿಕೊಂಡು ನೋಡಿದರು. ಆಮೇಲೆ ಭೂತಗನ್ನಡಿಯನ್ನು ಮೆಲ್ಲಗೆ ಕೆಳಗಿಟ್ಟರು.

"ಅಮ್ಮಾ," ನಾಸಿರ್ ಕೇಳಿದ, "ಇದು ಯಾರು ಮಾಡಿದ್ದು?"

"ನಾನೇ ಮಾಡ್ಸಿದ್ದು ಕಣಪ್ಪ. ನಮ್ಮ ಬೀದೀಲಿ ಲೋಕೇಶ ಅಂತವ್ನೆ. ನಿಂದೂ ಇದ್ರೆ ಕೊಡು, ಏಳಿ ಕಮ್ಮಿ ಮಾಡುಸ್ತೀನಿ."

ನಾಸಿರ್ ಮೇಜಿನ ಮೇಲಿದ್ದ ತನ್ನ ಆಲ್ಬಮ್ಮನ್ನು ಎಳೆದು ತೊಡೆಯ ಮೇಲೆ ಇಟ್ಟುಕೊಂಡು ಎರಡು ಕೈಯಿಂದ ಹಿಡಿದುಕೊಂಡ.

ನಾನು ತಿಳಿದದ್ದು ಏನೆಂದರೆ, ಇವರಿಗೆ ಮಾಲಿನ ಮೇಲೆ ನಂಬಿಕೆ ಬಂದಿಲ್ಲ. ಪಾತ್ರೆಯವನು ಸೀರೆ ನೋಡಿ ಹೀಗೇ ಮುಖ ಮಾಡುತ್ತಾನೆ. ಆಗ ಸೀರೆಯನ್ನು ಎರಡು ಕೈಯಲ್ಲಿ ಹಿಡಿದು ಜಗ್ಗಿ ತೋರಿಸಬೇಕು. ಜಗ್ಗಿ ತೋರಿಸಿದರೆ ವ್ಯಾಪಾರ ಕುದುರುತ್ತದೆ.

"ಯಾಕೆ ಮೇಷ್ಟ್ರೇ ಅನುಮಾನ? ನೀರು ಬಿದ್ರೂ ಇದಕ್ಕೇನೂ ಆಗಲ್ಲ. ಇಕಳಿ, ನೋಡಿ!"

"ಬೇಡಮ್ಮಾ! ಬೇಡ!" ಎಂದು ಮೇಷ್ಟ್ರು ಏಳುವಷ್ಟರಲ್ಲಿ ವಸಂತಮ್ಮ ಕೊಟ್ಟಿದ್ದ ನೀರಿನ ಲೋಟಕ್ಕೆ ಕೀಪರನನ್ನು ತಲೆಕೆಳಗಾಗಿ ಮುಳುಗಿಸಿಬಿಟ್ಟೆ.

ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ನಾನು ಇಬ್ಬರ ಮುಖವನ್ನೂ ನೋಡಿ ಗೆದ್ದವಳ ಹಾಗೆ ನಕ್ಕೆ.

ಆಮೇಲೆ ಲೋಕೇಶ ಹೇಳಿದ್ದು ಆಯಿತು. ಅಂಚು ಬಾಯಿ ಬಿಟ್ಟಿತು. ನೀರು ಒಳಗೆ ಹತ್ತಿತು. ರಟ್ಟು ಉಬ್ಬಿತು. ಅಷ್ಟು ವರ್ಷ ತೆಳ್ಳಗೆ ಇದ್ದ ಕೀಪರನಿಗೆ ನಮ್ಮ ಕಣ್ಣ ಮುಂದೆಯೇ ಹೊಟ್ಟೆ ಬಂತು!

ಲೋಟದಿಂದ ತೆಗೆದು ಸೆರಗಿನಲ್ಲಿ ಒರೆಸಿದೆ. ಒರೆಸಿದಾಗ ಪ್ಲಾಸ್ಟಿಕ್ಕು ಸಿಪ್ಪೆಯ ಹಾಗೆ ಬಿಚ್ಚಿಕೊಂಡು ಕೀಪರನ ಮುಖವೂ ಅದರ ಜೊತೆಗೇ ಎದ್ದು ಬಂತು. ಮೇಷ್ಟ್ರು ಕೂತುಕೊಂಡರು.

ವಿಷಯವನ್ನು ಬಿಡಿಸಿ ಹೇಳಿದವನು ನಾಸಿರ್. "ಅಮ್ಮಾ, ಈ ಕಾರ್ಡು ಗಮ್ಮಿನ ಪ್ಯಾಕೆಟ್ಟಿಂದ ಎಂಗೆ ಬಂತೋ ಅಂಗೇ ಇರ್ಬೇಕು. ಮೂಲೆ ಚೂಪಾಗಿರ್ಬೇಕು, ಅಂಚು ಬಿಳೀದಾಗಿರ್ಬೇಕು. ಒಂದು ಕೂದಲಷ್ಟು ಕತ್ತರಿಸಿದ್ರೂ ಯಾರೂ ಮುಟ್ಟಲ್ಲ. ಇನ್ನು ಪ್ಲಾಸ್ಟಿಕ್ ಹಾಕ್ಬಿಟ್ರೆ, ಕಾರ್ಡು ಸತ್ತಂಗೇ ಲೆಕ್ಕ."

ಸತ್ತ ಹಾಗೆ. ನನ್ನ ಕಣ್ಣ ಮುಂದೆ ಚಕ್ಕುಲಿ ಡಬ್ಬಿ ಬಂದು ನಿಂತಿತು. ಅದರೊಳಗೆ ಇಡೀ ತಂಡ! ದುಂಡಗೆ, ಹೊಳೆಯುತ್ತಾ, ಒಬ್ಬರ ಮೇಲೊಬ್ಬರು.

ಮೇಷ್ಟ್ರು ನಿಧಾನಕ್ಕೆ ಕೇಳಿದರು: "ಹೋಗಲಿ ಬಿಡಿ, ಗೊತ್ತಿಲ್ಲದೆ ಆಯ್ತು. ಮಿಕ್ಕ ಕಾರ್ಡುಗಳು ಸುರಕ್ಷಿತವಾಗಿವೆ ತಾನೇ?"

"ಬಾಳ ಸುರಕ್ಷಿತವಾಗವೆ," ಅಂದೆ.

ಅದು ಸುಳ್ಳಲ್ಲ. ಅಷ್ಟು ಸುರಕ್ಷಿತವಾದ ಕಾರ್ಡು ಇಡೀ ಮೈಸೂರಿನಲ್ಲಿ ಇರಲಿಕ್ಕಿಲ್ಲ. ಆದರೆ ಹೇಳುವಾಗ ನನ್ನ ನಾಲಿಗೆ ಒಣಗಿತು. ಕುಡಿಯೋಣವೆಂದರೆ ಲೋಟದಲ್ಲಿ ಕೀಪರನ ಚೂರು ತೇಲುತ್ತಿತ್ತು.

ಇಲ್ಲಿ ಮೇಷ್ಟ್ರು ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ನನಗೆ ಬೈಸಿಕೊಂಡು ಅಭ್ಯಾಸ ಇದೆ, ತಿರುಗಿ ಬೈಯುವುದೂ ಬರುತ್ತದೆ. ಆದರೆ ಅವರು ಎದ್ದು ಹೋಗಿ, ತಮ್ಮ ಆಲ್ಬಮ್ಮಿನಿಂದ ಆ ನೀರಿನವನನ್ನು ತೆಗೆದು, ತೆಳ್ಳನೆ ಕವರಿಗೆ ಹಾಕಿ, ನನ್ನ ಮುಂದೆ ಹಿಡಿದರು.

"ತಗೊಂಡು ಹೋಗಿ. ನನ್ನ ಸೆಟ್ಟು ನಿಂತರೆ ನಿಲ್ಲಲಿ, ಶಿವಣ್ಣನವರದಾದರೂ ಪೂರ್ತಿಯಾಗಲಿ. ಕೀಪರ್ ವಿಷಯ ಈಗ ಅವರಿಗೆ ಹೇಳಬೇಡಿ. ಕಣ್ಣು ಹಸಿಯಿದೆ, ಅಳಬಾರದು. ಬರೋ ಭಾನುವಾರ ನಾವೇ ನಿಮ್ಮ ಮನೆಗೆ ಬರ್ತೀವಿ. ಅವರು ತಮ್ಮ ಕೈಯಾರೆ ಕೊನೇ ಕಾರ್ಡು ಇಡೋದನ್ನ ನೋಡಬೇಕು."

ಆಗ ಬಾಯಿ ಬಿಡಬೇಕಾಗಿತ್ತು. ಸ್ವಾಮಿ, ಇದನ್ನು ಇಡಲು ಅಲ್ಲಿ ಸೆಟ್ಟೇ ಇಲ್ಲ ಎಂದು ಹೇಳಬೇಕಾಗಿತ್ತು. ಊರಿನವರ ತಪ್ಪನ್ನೆಲ್ಲ ಮುಖಕ್ಕೆ ಹೊಡೆದ ಹಾಗೆ ಹೇಳುವವಳು ನಾನು. ನನ್ನದನ್ನು ಹೇಳಲು ಬಾಯಿ ಬರಲಿಲ್ಲ. ಕೈ ನೀಡಿ ತೆಗೆದುಕೊಂಡೆ. ಅಷ್ಟೇ ಅಲ್ಲ, ವಸಂತಮ್ಮ ಕಾಫಿ ಕೊಟ್ಟರು, ಕುಡಿದೆ. ಎಲೆ ಅಡಿಕೆ, ಬಾಳೆಹಣ್ಣು ಕೊಟ್ಟರು, ಅದನ್ನೂ ತೆಗೆದುಕೊಂಡೆ!

ಮನೆಗೆ ಬಂದರೆ ಯಜಮಾನರು ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು.

"ಸಿಕ್ತಾ?"

"ಸಿಕ್ತು."

ಕವರನ್ನು ಕೈಗೆ ಕೊಟ್ಟೆ. ಹೆಬ್ಬೆರಳಿನಿಂದ ನಾಲ್ಕು ಮೂಲೆಯನ್ನೂ ಮುಟ್ಟಿ ನೋಡಿದರು. ಕಣ್ಣು ಕಟ್ಟಿದ ಮುಖ ಹಾಗೇ ಬೆಳಗಿತು. "ಭೇಷ್ ಕಣೇ!" ಅಂದರು. ಮದುವೆಯಾಗಿ ಇಷ್ಟು ಕಾಲವಾದರೂ ಇವರು ನನಗೆ ಭೇಷ್ ಅಂದದ್ದು ಇದೇ ಮೊದಲು. ಎಂಥ ಹೊತ್ತು ನೋಡಿ ಅಂದರು!

"ಆಲ್ಬಮ್ ಕೊಡು, ಒಂದ್ಸಲ ಮುಟ್ತೀನಿ."

"ಡಾಕ್ಟ್ರು ಬಗ್ಗಬಾರ್ದು ಅಂದವ್ರೆ."

"ಮುಟ್ಟೋಕೆ ಯಾಕೆ ಬಗ್ಗಬೇಕು?"

"ಭಾರ ಎತ್ತಬಾರ್ದು ಅಂದವ್ರೆ."

"ಆಲ್ಬಮ್ ಏನು ರುಬ್ಬುಗುಂಡಾ?"

"ಭಾನ್ವಾರ ಎಲ್ರ ಮುಂದೆ ತೆಗೆದ್ರೆ ಚೆಂದ ಬುಡ್ರಿ," ಎಂದು ಹೇಳಿ ಅಡುಗೆಮನೆಗೆ ಓಡಿದೆ. ಅಲ್ಲಿ ಸುಮಾ ನಿಂತಿದ್ದಳು. ಏನೂ ಕೇಳಲಿಲ್ಲ. ಚಕ್ಕುಲಿ ಡಬ್ಬಿ ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಡಬ್ಬಿ ನೋಡಿದಳು. ಇಂಥ ಹೊತ್ತಿನಲ್ಲಿ ಸೊಸೆಯಾದವಳು ಬಾಯಿ ಮಾಡಿದರೆ ತಡೆದುಕೊಳ್ಳಬಹುದು, ಸುಮ್ಮನಿದ್ದರೆ ತಡೆಯಲಾಗುವುದಿಲ್ಲ.

ಮಾರನೆಯ ದಿನ ಲೋಕೇಶನ ಹತ್ತಿರ ಹೋದೆ. "ಇದನ್ನ ತೆಗೆದುಬುಡಪ್ಪ."

"ಯಾವುದು ಅಜ್ಜಿ?"

"ಲ್ಯಾಮಿನೇಷನ್ನು. ಎಲ್ಲಾದ್ರದ್ದೂ."

"ಅದು ಹಾಕೋ ಮೆಷಿನ್ ಅಜ್ಜಿ. ತೆಗಿಯೋ ಮೆಷಿನ್ ಇನ್ನೂ ಬಂದಿಲ್ಲ." ನನ್ನ ಮುಖ ನೋಡಿ ಪಾಪ ಅನ್ನಿಸಿರಬೇಕು, ಸೇರಿಸಿದ: "ಬಿಸಿ ಮಾಡಿ ಅಂಟ್ಸಿದ್ದು, ಬಿಸಿ ಮಾಡಿದ್ರೆ ಬಿಡ್ತದೇನೋ. ನಾನು ಗ್ಯಾರಂಟಿ ಕೊಡಲ್ಲ."

ಗ್ಯಾರಂಟಿ ಕೊಡಲ್ಲ ಎನ್ನುವ ಭಾಗ ನನ್ನ ಕಿವಿಗೆ ಬೀಳಲಿಲ್ಲ. ಮಧ್ಯಾಹ್ನ ಯಜಮಾನರು ಒರಗಿದ ಮೇಲೆ ಉಳಿದ ಆ ಇನ್ನೊಬ್ಬ ಕೀಪರನನ್ನು ಹಾಸಿ, ಮೇಲೆ ಒದ್ದೆ ಬಟ್ಟೆ ಹಾಕಿ, ಇಸ್ತ್ರಿ ಪೆಟ್ಟಿಗೆ ಇಟ್ಟೆ. ಇವನನ್ನು ಬಿಡಿಸಿ ಮೇಷ್ಟ್ರಿಗೆ ಮುಟ್ಟಿಸಿದರೆ ಅರ್ಧ ಪಾಪವಾದರೂ ಕಳೆಯುತ್ತದೆ ಎಂದು ಲೆಕ್ಕ. ಚುಂಯ್ ಅಂತು. ಒಂದು ಮೂಲೆ ಎದ್ದಿತು. ಎದ್ದಿತಲ್ಲ ಎಂದು ಹಿಡಿದು ಎಳೆದೆ. ಪರ್ ಅಂತ ಬಂತು. ಕೈಗವಸು ಪ್ಲಾಸ್ಟಿಕ್ಕಿಗೆ ಹೋಯಿತು, ಕೈ ರಟ್ಟಿನಲ್ಲಿ ಉಳಿಯಿತು. ಮೂಗು ಆ ಕಡೆ, ಮೀಸೆ ಈ ಕಡೆ.

ಒಳಗಿನಿಂದ ಯಜಮಾನರ ದನಿ ಬಂತು. "ಏನೇ ಅದು, ಸುಟ್ಟ ವಾಸನೆ?"

"ಹಪ್ಪಳ ಕಣ್ರೀ."

"ಪ್ಲಾಸ್ಟಿಕ್ ಹಪ್ಪಳವೇನೇ?"

ಇಸ್ತ್ರಿ ಪೆಟ್ಟಿಗೆಯ ತಳದಲ್ಲಿ ಕೀಪರನ ಟೋಪಿ ಅಂಟಿಕೊಂಡಿತ್ತು. ಆ ವಾರ ನಮ್ಮ ಮನೆಯಲ್ಲಿ ಇಸ್ತ್ರಿಯಾದ ಪ್ರತಿ ಅಂಗಿಯ ಮೇಲೂ ಆ ನೀಲಿ ಟೋಪಿಯ ಗುರುತು ಇದೆ. ಮಗ ಆಫೀಸಿಗೆ ಹಾಕಿಕೊಂಡು ಹೋದ.

ಭಾನುವಾರ ಬಂತು. ಯಜಮಾನರ ಪಟ್ಟಿ ಬಿಚ್ಚಿತ್ತು, ಕಪ್ಪು ಕನ್ನಡಕ ಬಂದಿತ್ತು. ದೂರದ್ದು ಚೆನ್ನಾಗಿ ಕಾಣುತ್ತಿತ್ತು, ಹತ್ತಿರದ್ದು ಇನ್ನೂ ಮಂಜು. ಮೇಷ್ಟ್ರು ಮೈಸೂರ್ ಪಾಕು ತಂದಿದ್ದರು. ನಾಸಿರ್ ಹಾರ ತಂದಿದ್ದ. ಹಾರ! ಅದನ್ನು ಯಜಮಾನರ ಕೊರಳಿಗೆ ಹಾಕಿದರು. ಇವರು ಮದುಮಗನ ಹಾಗೆ ಕೂತು, ಎಂದಿನಂತೆ ಕೈ ತೊಳೆದು, ಒರೆಸಿ, ಫ್ಯಾನಿನ ಕೆಳಗೆ ಆರಿಸಿಕೊಂಡು, "ತತ್ತಾರೇ ಆಲ್ಬಮ್ಮ," ಅಂದರು.

ನಾನು ಅಡುಗೆಮನೆಗೆ ಹೋದೆ. ಹಿಂದಿನ ಬಾಗಿಲು ತೆರೆದೇ ಇತ್ತು. ಅಕ್ಕನ ಮನೆಗೆ ಬಸ್ಸೂ ಇತ್ತು. ಆದರೆ ಓಡಿಹೋಗುವ ವಯಸ್ಸಲ್ಲ, ಮಂಡಿ ನೋವು. ಡಬ್ಬಿ ಎತ್ತಿಕೊಂಡು ಬಂದು ಇವರ ಮುಂದೆ ಇಟ್ಟೆ.

"ಚಕ್ಲಿ ಆಮೇಲೆ ಕೊಡುವಂತೆ. ಆಲ್ಬಮ್ ತಾರೇ."

"ಇದೇ ಕಣ್ರೀ ಆಲ್ಬಮ್ಮು."

ಮುಚ್ಚಳ ತೆಗೆದೆ. ಮೇಷ್ಟ್ರು ಬಗ್ಗಿ ನೋಡಿ ಕಣ್ಣು ಮುಚ್ಚಿಕೊಂಡರು. ನಾಸಿರ್ ತನ್ನ ಭಾಷೆಯಲ್ಲಿ ದೇವರನ್ನು ಕರೆದ. ಯಜಮಾನರಿಗೆ ಹತ್ತಿರದ್ದು ಕಾಣುತ್ತಿರಲಿಲ್ಲ. ಡಬ್ಬಿಗೆ ಕೈ ಹಾಕಿ ಒಂದನ್ನು ಎತ್ತಿಕೊಂಡರು. ಅವರ ಹೆಬ್ಬೆರಳು ಅಂಚಿನ ಮೇಲೆ ಹೋಯಿತು, ಮೂಲೆಯನ್ನು ಹುಡುಕಿತು. ಮೂಲೆ ಇರಲಿಲ್ಲ. ಇನ್ನೊಂದು ಮೂಲೆಗೆ ಹೋಯಿತು. ಅದೂ ಇರಲಿಲ್ಲ. ಆ ಬೆರಳು ಕಾರ್ಡಿನ ಸುತ್ತ ಸುಮ್ಮನೆ ಸುತ್ತುತ್ತಲೇ ಇತ್ತು. ನಾನು ಬಹಳ ಸಾವು ನೋಡಿದ್ದೇನೆ, ಅತ್ತವಳಲ್ಲ. ಆ ಬೆರಳು ನೋಡಲಾಗದೆ ಗೋಡೆಯ ಕಡೆ ತಿರುಗಿಕೊಂಡೆ.

"ಎಲ್ಲಾನೂವಾ?" ಎಂದು ಕೇಳಿದರು.

"ಎಲ್ಲಾನೂವೆ."

"ಯಾಕೆ?"

"ಏನೂ ಆಗ್ಬಾರ್ದು ಅಂದ್ರಲ್ಲ ನೀವು. ಒಟ್ಟಿಗೆ ಮಾಡುಸುದ್ರೆ ಕಮ್ಮಿ ಅಂದ ಲೋಕೇಶ."

ಬಾಯಿಂದ ಬಿದ್ದ ಮೇಲೆ ಆ ಮಾತು ಎಷ್ಟು ಸಣ್ಣದಾಗಿ ಕೇಳಿಸಿತೆಂದರೆ, ಬೀದಿಯ ಪಾತ್ರೆಯವನು ಕೇಳಿಸಿಕೊಂಡಿದ್ದರೂ ನನ್ನ ಮುಂದೆ ತಲೆ ಎತ್ತಿ ನಡೆಯುತ್ತಿದ್ದ. ಲೋಟದ ಕಥೆ, ಇಸ್ತ್ರಿಯ ಕಥೆ, ಅಂಗಿಯ ಮೇಲಿನ ಟೋಪಿ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ. ಮೇಷ್ಟ್ರ ಮುಂದೆ ಕೈ ಮುಗಿದೆ. ಅವರು ನೆಲ ನೋಡುತ್ತಿದ್ದರು.

ಯಜಮಾನರು ಎದ್ದರು. ಒಳಗೆ ಹೋಗಿ ದಿಂಬಿನ ಕೆಳಗಿದ್ದ ಕವರನ್ನು ತಂದು ಮೇಷ್ಟ್ರ ಕೈಗೆ ಇಟ್ಟರು. "ಇವನ್ನ ನೀವೇ ಕರ್ಕೊಂಡೋಗಿ ಮೇಷ್ಟ್ರೇ. ಕೀಪರ್ ಕೊಡ್ದೆ ಇವನ್ನ ಇಟ್ಕೊಂಡ್ರೆ ಅದು ಅದ್ಲುಬದ್ಲು ಅಲ್ಲ. ಅದೂ ಅಲ್ದೆ, ಈ ಮನೇಲಿ ಇವನೊಬ್ಬನಾದ್ರೂ ಯಾಕೆ ಸಾಯ್ಬೇಕು?" ಕೊರಳಿನ ಹಾರ ತೆಗೆದು ಡಬ್ಬಿಯ ಮೇಲೆ ಹಾಕಿದರು.

ಸುಮಾ ಆಗ ಬಾಯಿ ಬಿಟ್ಟಳು. "ಮಾವ, ಊದುಬತ್ತಿ ಹಚ್ಚಲಾ?"

ಮೊದಲು ನಕ್ಕವನು ನಾಸಿರ್. ಆಮೇಲೆ ಮೇಷ್ಟ್ರು. ಕೊನೆಗೆ ಯಜಮಾನರೂ ನಕ್ಕರು, ಕಣ್ಣು ಒದ್ದೆಯಾಗಬಾರದು ಎಂದು ತಲೆ ಮೇಲೆತ್ತಿಕೊಂಡು. ನಾನು ನಗಲಿಲ್ಲ. ನಗುವ ಹಕ್ಕು ನನಗಿರಲಿಲ್ಲ.

ಈಗ ಯಜಮಾನರು ಮತ್ತೆ ಮೊದಲಿನಿಂದ ಶುರು ಮಾಡಿದ್ದಾರೆ. ಇವರ ಹತ್ತಿರ ಬದಲಿಗೆ ಕೊಡಲು ಏನೂ ಉಳಿದಿಲ್ಲ. ಆದ್ದರಿಂದ ಬೇರೆಯವರು ಬೇಡವೆಂದು ಬಿಟ್ಟ, ಮಡಚಿದ, ಮಕ್ಕಳು ಪೆನ್ನಿನಲ್ಲಿ ಗಡ್ಡ ಬರೆದ ಕಾರ್ಡುಗಳನ್ನು ಗುಂಪಿನವರು ಕೊಡುತ್ತಿದ್ದಾರೆ. ಅಷ್ಟು ಅಚ್ಚುಕಟ್ಟಿನ ಮನುಷ್ಯ ಈಗ ಗಡ್ಡ ಬರೆದ ಬೌಲರನನ್ನು ಎರಡು ಬೆರಳಿನಲ್ಲಿ ಹಿಡಿದು ಕೂರುತ್ತಾರೆ. ಮೇಷ್ಟ್ರು ಇನ್ನೂ ಕೀಪರನನ್ನು ಹುಡುಕುತ್ತಿದ್ದಾರೆ. ಊರಿನಲ್ಲಿ ಇದ್ದ ಇಬ್ಬರನ್ನೂ ಮುಗಿಸಿದವಳು ನಾನು. ಅವರ ಮನೆಗೆ ಹೋದಾಗ ಈಗ ನನಗೆ ನೀರು ಕೊಡುವುದಿಲ್ಲ, ನೇರವಾಗಿ ಕಾಫಿ.

ಮೊನ್ನೆ ಧೈರ್ಯ ಮಾಡಿ ಇವರನ್ನು ಕೇಳಿದೆ: "ಏನ್ರೀ, ನಾನೇನಾದ್ರೂ ಮಾಡ್ಲಾ? ಕಾರ್ಡು ಜೋಡುಸ್ಕೊಡ್ಲಾ? ಪುಟ ತಿರುಗುಸ್ಲಾ?"

"ನೀನು ಏನೂ ಮಾಡ್ಬೇಡ ಕಣೇ," ಅಂದರು. "ಅದೊಂದು ಮಾಡು, ಸಾಕು."

ಅದನ್ನೇ ಮಾಡೋಣ ಎಂದು ಕೈ ಕಟ್ಟಿಕೊಂಡು, ಬಾಯಿ ಮುಚ್ಚಿಕೊಂಡು, ಅವರ ಪಕ್ಕ ಕೂತೆ. ಸ್ವಲ್ಪ ಹೊತ್ತಾಯಿತು. ಯಜಮಾನರು ಕಾರ್ಡನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದರು.

"ಆ ಕಡೆ ಓಗಿ ಕೂತ್ಕೊಳ್ಳೇ. ಉಸಿರು ಜೋರಾಗಿ ಬುಡ್ತೀಯ, ಕಾರ್ಡು ಹಾರ್ತಾವೆ."